ವಂಶವೃಕ್ಷಕ್ಕೆ ಉಚಿತ ತಂತ್ರಾಂಶ: ತುಂಬುವ ಮೊದಲು ಹೊರಗೆ ತೆಗೆದು ನೋಡಿ

ಮನೆತನದ ವಿವರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡಲು ಹೊರಟವರು ಮೊದಲು ನೋಡುವುದು ತಂತ್ರಾಂಶ ಬಿಡಿಸಿಕೊಡುವ ಚಿತ್ರವನ್ನು. ಕೊಂಬೆಗಳು ಚೆಂದವಾಗಿ ಹರಡಿವೆಯೇ, ಫೋಟೊ ಸರಿಯಾಗಿ ಕೂರುತ್ತದೆಯೇ, ಬಣ್ಣ ಹೇಗಿದೆ ಎಂದೆಲ್ಲ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ಸಂಗತಿ. ಮುನ್ನೂರು ಜನರ ಹೆಸರು, ದಿನಾಂಕ, ಟಿಪ್ಪಣಿ ಎಲ್ಲ ತುಂಬಿದ ಮೇಲೆ ಅಷ್ಟನ್ನೂ ಕೆಡದಂತೆ ಹೊರಗೆ ತೆಗೆದು ಇನ್ನೊಂದು ತಂತ್ರಾಂಶಕ್ಕೆ ಹಾಕಲು ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ವಂಶಾವಳಿಯ ಕೆಲಸ ದಶಕಗಟ್ಟಲೆ ನಡೆಯುವಂಥದ್ದು. ತಂತ್ರಾಂಶಗಳಿಗೆ ಅಷ್ಟು ಆಯುಸ್ಸಿರುವುದಿಲ್ಲ. ಪರ್ಸನಲ್ ಆನ್ಸೆಸ್ಟ್ರಲ್ ಫೈಲ್ ಎಂಬ ಉಚಿತ ತಂತ್ರಾಂಶ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿತ್ತು. 2013ರ ಜುಲೈಯಲ್ಲಿ ಅದನ್ನು ನಿಲ್ಲಿಸಿದರು. ದುಡ್ಡು ಕೊಟ್ಟರೆ ಉಳಿಯುತ್ತದೆ ಎಂದೂ ಇಲ್ಲ. ದಿ ಮಾಸ್ಟರ್ ಜೀನಿಯಾಲಜಿಸ್ಟ್ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಗಿತ್ತು, 2014ರಲ್ಲಿ ಅದೂ ನಿಂತಿತು. ಫ್ಯಾಮಿಲಿ ಟ್ರೀ ಮೇಕರ್‌ನ ಮಾರಾಟ ನಿಲ್ಲಿಸುತ್ತೇವೆ ಎಂದು 2015ರ ಡಿಸೆಂಬರಿನಲ್ಲಿ ಪ್ರಕಟಣೆ ಬಂತು; ಮರುವರ್ಷ ಬೇರೆ ಕಂಪನಿ ಕೈಗೆತ್ತಿಕೊಂಡಿದ್ದರಿಂದ ಅದು ಉಳಿದುಕೊಂಡಿತು. ಇಂಥ ಸುದ್ದಿ ಬಂದ ದಿನ ನಿಮ್ಮ ಕೈಯಲ್ಲಿ ಏನಿರುತ್ತದೆ ಎಂಬುದು ತಂತ್ರಾಂಶವನ್ನು ಆರಿಸಿದ ದಿನವೇ ತೀರ್ಮಾನವಾಗಿರುತ್ತದೆ.

ಜೆಡ್‌ಕಾಮ್ ಎಂಬ ಸಾಗಣೆ ಭಾಷೆ

ಒಂದು ವಂಶಾವಳಿ ತಂತ್ರಾಂಶದಿಂದ ಇನ್ನೊಂದಕ್ಕೆ ವಿವರ ಸಾಗಿಸಲು ಎಲ್ಲರೂ ಒಪ್ಪಿಕೊಂಡಿರುವ ಫೈಲಿನ ಹೆಸರು ಜೆಡ್‌ಕಾಮ್. 1984ರಿಂದ ಇದೆ. ಇಂದಿಗೂ ಹೆಚ್ಚಿನ ತಂತ್ರಾಂಶಗಳು ಬಳಸುವುದು 5.5.1 ಆವೃತ್ತಿಯನ್ನು. ಅದು 1999ರಲ್ಲಿ ಕರಡಾಗಿ ಬಂದು, ಅಧಿಕೃತವಾದದ್ದು 2019ರಲ್ಲಿ. 2021ರಲ್ಲಿ 7.0 ಬಂದಿದೆ, ಆದರೆ ಅದನ್ನು ಓದಬಲ್ಲ ತಂತ್ರಾಂಶಗಳು ಇನ್ನೂ ಕಡಿಮೆ. ಹಾಗಾಗಿ ಸದ್ಯಕ್ಕೆ 5.5.1ನ್ನೇ ಗಟ್ಟಿ ಎಂದುಕೊಳ್ಳಿ.

ಇದು ಬರಿಯ ಪಠ್ಯ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ಪ್ರತಿ ಸಾಲಿನ ಮೊದಲಿಗೆ ಒಂದು ಅಂಕಿ ಇರುತ್ತದೆ: 0 ಎಂದರೆ ಹೊಸ ದಾಖಲೆ, 1 ಎಂದರೆ ಆ ದಾಖಲೆಯ ವಿವರ, 2 ಎಂದರೆ ಆ ವಿವರದ ಒಳವಿವರ. ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ಕುಟುಂಬಕ್ಕೂ ಸಂಖ್ಯೆ ಇರುತ್ತದೆ. ಗಂಡ, ಹೆಂಡತಿ, ಮಕ್ಕಳು ಯಾರು ಎಂಬುದನ್ನು ಕುಟುಂಬದ ದಾಖಲೆ ಆ ಸಂಖ್ಯೆಗಳಿಂದಲೇ ಹೇಳುತ್ತದೆ. ಇಷ್ಟು ತಿಳಿದಿದ್ದರೆ ಸಾಗಣೆಯಲ್ಲಿ ಏನು ಕೆಟ್ಟಿತು ಎಂದು ನೀವೇ ಪತ್ತೆ ಮಾಡಬಹುದು.

ಕನ್ನಡದಲ್ಲಿ ಬರೆಯುವವರು ಫೈಲಿನ ಮೊದಲ ಹತ್ತಿಪ್ಪತ್ತು ಸಾಲುಗಳಲ್ಲಿ ಒಂದನ್ನು ತಪ್ಪದೆ ನೋಡಬೇಕು: ಅಕ್ಷರ ಸಂಕೇತ ಯಾವುದು ಎಂದು ಹೇಳುವ ಸಾಲು. ಅಲ್ಲಿ ಯುಟಿಎಫ್-8 ಎಂದಿರಬೇಕು, ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಸುವ ಸಂಕೇತ ಅದು. ಆನ್ಸೆಲ್ ಅಥವಾ ಆಸ್ಕಿ ಎಂದಿದ್ದರೆ ಅದರಲ್ಲಿ ಕನ್ನಡ ಹಿಡಿಸುವುದೇ ಇಲ್ಲ. ಯುಟಿಎಫ್-8 ಈ ಮಾದರಿಗೆ ಸೇರಿದ್ದು 5.5.1ರಲ್ಲಿ. ಆದ್ದರಿಂದ 5.5 ಎಂದಷ್ಟೇ ಹೇಳಿಕೊಳ್ಳುವ ಹಳೆಯ ತಂತ್ರಾಂಶದ ಮೇಲೆ ಭರವಸೆ ಇಡಬೇಡಿ.

ಹೆಸರುಗಳು ಕೆಡುವ ಬಗೆ ಎರಡು, ಎರಡಕ್ಕೂ ಮದ್ದು ಬೇರೆ. ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಕಂಡರೆ ಗಾಬರಿ ಬೇಡ. ವಿವರ ಒಳಗೆ ಸರಿಯಾಗಿಯೇ ಇದ್ದು ತೆರೆಯುವಾಗ ತಪ್ಪು ಸಂಕೇತದಲ್ಲಿ ಓದಿರುವ ಸಾಧ್ಯತೆ ಹೆಚ್ಚು. ಏನನ್ನೂ ಉಳಿಸದೆ ಮುಚ್ಚಿ, ಯುಟಿಎಫ್-8 ಎಂದು ಆರಿಸಿ ಮತ್ತೆ ತೆರೆಯಿರಿ. ಆದರೆ ಸಾಲುಸಾಲು ಪ್ರಶ್ನೆ ಚಿಹ್ನೆ ಕಂಡರೆ ಅಕ್ಷರಗಳು ಹೊರಹೋಗುವಾಗಲೇ ನಾಶವಾಗಿವೆ. ಆ ಫೈಲಿನಿಂದ ಅವನ್ನು ಮರಳಿ ಪಡೆಯಲು ದಾರಿಯಿಲ್ಲ, ಮೂಲ ತಂತ್ರಾಂಶಕ್ಕೇ ಹೋಗಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತಗಳಿದ್ದರೆ ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅಂಟಿಸಿ.

ಇನ್ನೊಂದು ತೊಂದರೆ ಉದ್ದ ಟಿಪ್ಪಣಿಗಳದ್ದು. 5.5.1ರಲ್ಲಿ ಒಂದು ಸಾಲಿಗೆ 255ರ ಮಿತಿ ಇದೆ. ಅದಕ್ಕಿಂತ ಉದ್ದವಾದದ್ದನ್ನು ತಂತ್ರಾಂಶ ತುಂಡರಿಸಿ ಮುಂದಿನ ಸಾಲಿಗೆ ಹಾಕುತ್ತದೆ. ಮಿತಿ ಇರುವುದು ಅಕ್ಷರಗಳ ಲೆಕ್ಕದಲ್ಲಿ, ಆದರೆ ಕೆಲವು ತಂತ್ರಾಂಶಗಳು ಬೈಟ್‌ಗಳನ್ನು (ಫೈಲಿನ ಗಾತ್ರ ಅಳೆಯುವ ಘಟಕ) ಎಣಿಸುತ್ತವೆ. ಲಕ್ಷ್ಮಿ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರ. ಫೈಲಿನೊಳಗೆ ಅದು ಏಳು ಬಿಡಿ ಚಿಹ್ನೆ, ಒಂದೊಂದಕ್ಕೆ ಮೂರರಂತೆ 21 ಬೈಟ್. ಬೈಟ್ ಎಣಿಸಿ ಕತ್ತರಿಸುವ ತಂತ್ರಾಂಶ ಕೆಲವೊಮ್ಮೆ ಒಂದು ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಆಡಿಸುತ್ತದೆ. ಇಡೀ ಟಿಪ್ಪಣಿ ಸರಿಯಾಗಿದ್ದು ಅಲ್ಲಲ್ಲಿ ಒಂದೊಂದು ಅಕ್ಷರ ಮಾತ್ರ ಚೌಕವೋ ಪ್ರಶ್ನೆ ಚಿಹ್ನೆಯೋ ಆಗಿದ್ದರೆ ಕಾರಣ ಇದೇ. ಒಂದು ತುಂಡಿನ ಕೊನೆಯಲ್ಲಿದ್ದ ಖಾಲಿ ಜಾಗ ಕಳೆದುಹೋಗಿ ಎರಡು ಪದಗಳು ಅಂಟಿಕೊಳ್ಳುವುದೂ ಈ ತುಂಡರಿಕೆಯಿಂದಲೇ. 7.0ರಲ್ಲಿ ಯುಟಿಎಫ್-8 ಕಡ್ಡಾಯ, ಸಾಲು ತುಂಡರಿಸುವ ಪದ್ಧತಿಯನ್ನೂ ಕೈಬಿಟ್ಟಿದ್ದಾರೆ.

ಹನ್ನೆರಡು ಜನರ ಪರೀಕ್ಷೆ

ಯಾವ ತಂತ್ರಾಂಶವನ್ನೇ ನೋಡಿ, ನಿಜವಾದ ವಂಶಾವಳಿ ತುಂಬುವ ಮೊದಲು ಒಂದು ಪುಟ್ಟ ಪರೀಕ್ಷಾ ಕುಟುಂಬ ಕಟ್ಟಿ. ಹತ್ತು ಹನ್ನೆರಡು ಕಾಲ್ಪನಿಕ ಹೆಸರು ಸಾಕು, ಆದರೆ ಕಷ್ಟದ ಸಂಬಂಧಗಳೆಲ್ಲ ಅದರೊಳಗಿರಬೇಕು. ಎರಡು ಮದುವೆಯಾಗಿ ಎರಡರಲ್ಲೂ ಮಕ್ಕಳಿರುವ ಒಬ್ಬರು. ಹೆತ್ತವರೂ ಸಾಕಿದವರೂ ಇಬ್ಬರೂ ಗೊತ್ತಿರುವ ಒಂದು ದತ್ತು ಮಗು. ಒಂದೇ ಹೆಸರಿನ ಅಜ್ಜ ಮತ್ತು ಮೊಮ್ಮಗ. ಸಂಬಂಧದೊಳಗೇ ಮದುವೆಯಾದ ಒಂದು ಜೋಡಿ. ಹೆಸರಿಡುವ ಮುನ್ನವೇ ತೀರಿಕೊಂಡ ಒಂದು ಶಿಶು. ಮನೆತನದ ಹೆಸರಿಲ್ಲದೆ ಒಂದೇ ಹೆಸರಿರುವ ಒಬ್ಬರು. ಹೆಸರುಗಳಲ್ಲಿ ಒಂದೆರಡರಲ್ಲಿ ಒತ್ತಕ್ಷರ ದಟ್ಟವಾಗಿರಲಿ. ದಿನಾಂಕಗಳಲ್ಲಿ ಒಂದು ‘ಸುಮಾರು 1920’, ಒಂದು ‘1935ಕ್ಕೆ ಮುಂಚೆ’, ಒಂದು ‘1918ರಿಂದ 1922ರ ನಡುವೆ’. ಇದರ ಜೊತೆಗೆ ಎರಡು ಪ್ಯಾರಾಗಳ ಒಂದು ಉದ್ದ ಟಿಪ್ಪಣಿ, ಒಂದು ಫೋಟೊ, ವಿವರ ಎಲ್ಲಿಂದ ಸಿಕ್ಕಿತು ಎಂದು ಹೇಳುವ ಒಂದು ಆಧಾರ ಉಲ್ಲೇಖ.

ಇದನ್ನು ಜೆಡ್‌ಕಾಮ್ ಆಗಿ ಹೊರಗೆ ತೆಗೆಯಿರಿ. ಮೊದಲು ನೋಟ್‌ಪ್ಯಾಡಿನಲ್ಲಿ ತೆರೆದು ಸಂಕೇತದ ಸಾಲನ್ನೂ ಹೆಸರುಗಳನ್ನೂ ಕಣ್ಣಾರೆ ನೋಡಿ. ಆಮೇಲೆ ಎರಡನೆಯ ತಂತ್ರಾಂಶದಲ್ಲಿ ಖಾಲಿಯಾಗಿರುವ ಹೊಸ ವೃಕ್ಷ ಮಾಡಿಕೊಂಡು ಅದರೊಳಗೆ ಸೇರಿಸಿ. ವ್ಯಕ್ತಿಗಳ ಸಂಖ್ಯೆ, ಕುಟುಂಬಗಳ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕು. ಎರಡನೆಯ ಮದುವೆಯ ಮಕ್ಕಳು ಸರಿಯಾದ ತಾಯಿಯ ಕೆಳಗಿದ್ದಾರೆಯೇ? ದತ್ತು ಮಗು ಹುಟ್ಟಿದ ಮಗುವಾಗಿ ಬದಲಾಗಿಲ್ಲವಷ್ಟೇ? ದತ್ತು ಎಂಬ ಮಾಹಿತಿ ಮಗುವನ್ನೂ ಕುಟುಂಬವನ್ನೂ ಜೋಡಿಸುವ ಕೊಂಡಿಯಲ್ಲಿ ಇರುತ್ತದೆ, ಕೆಲವು ತಂತ್ರಾಂಶಗಳು ಅದನ್ನು ಓದದೆ ಬಿಟ್ಟುಬಿಡುತ್ತವೆ. ‘ಸುಮಾರು 1920’ ಎಂಬುದು ಬರೀ 1920 ಆಗಿಬಿಟ್ಟಿದ್ದರೆ ಅದು ಸಣ್ಣ ವಿಷಯವಲ್ಲ: ಅಂದಾಜು ಎಂದು ಬರೆದದ್ದು ಖಚಿತ ಎಂಬಂತೆ ಮುಂದಿನವರ ಕೈಗೆ ಹೋಗುತ್ತದೆ.

ಸಂಬಂಧದೊಳಗಿನ ಮದುವೆ ಇದ್ದಲ್ಲಿ ಒಬ್ಬರೇ ಹಿರಿಯರು ಎರಡು ದಾರಿಯಿಂದ ಪೂರ್ವಜರಾಗುತ್ತಾರೆ. ಚಿತ್ರದಲ್ಲಿ ಅವರು ಎರಡು ಕಡೆ ಕಾಣಿಸಿಕೊಳ್ಳುವುದು ಸರಿಯೇ, ಆದರೆ ವ್ಯಕ್ತಿಗಳ ಪಟ್ಟಿಯಲ್ಲಿ ಒಮ್ಮೆ ಮಾತ್ರ ಇರಬೇಕು. ಮದುವೆ ಸೇರಿಸುವಾಗ ‘ಈಗಾಗಲೇ ಇರುವ ವ್ಯಕ್ತಿಯನ್ನು ಆರಿಸು’ ಎಂಬ ಅವಕಾಶ ಕೊಡದೆ ಪ್ರತಿ ಸಲ ಹೊಸಬರನ್ನೇ ಸೃಷ್ಟಿಸುವ ತಂತ್ರಾಂಶವಿದ್ದರೆ, ಅದು ಎಷ್ಟೇ ಸರಳವಾಗಿ ಕಂಡರೂ ಬೇಡ.

ಕೊನೆಯದಾಗಿ ಒಂದು ಪಿಡಿಎಫ್ ವರದಿ ತೆಗೆಯಿರಿ. ಪರದೆಯ ಮೇಲೆ ಚೆನ್ನಾಗಿ ಕಂಡ ಕನ್ನಡ ಪಿಡಿಎಫ್‌ನಲ್ಲಿ ಒತ್ತಕ್ಷರ ಕಳಚಿಕೊಂಡು, ಗುಣಿತದ ಚಿಹ್ನೆ ಪಕ್ಕಕ್ಕೆ ಸರಿದು ಬರುವುದುಂಟು. ಪರದೆಗೆ ಅಕ್ಷರ ಜೋಡಿಸುವ ಭಾಗ ಒಂದು, ಪಿಡಿಎಫ್ ಬರೆಯುವ ಭಾಗ ಇನ್ನೊಂದು ಆಗಿದ್ದರೆ ಹೀಗಾಗುತ್ತದೆ. ಅದೇ ವರದಿಯನ್ನು ವೆಬ್ ಪುಟವಾಗಿ ತೆಗೆದು ಬ್ರೌಸರಿನಿಂದ ಮುದ್ರಿಸಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಇಡೀ ಪರೀಕ್ಷೆಗೆ ಒಂದೆರಡು ಗಂಟೆ ಹಿಡಿದೀತು.

ಪರೀಕ್ಷೆಯಲ್ಲಿ ಪಾಸಾದ ತಂತ್ರಾಂಶಗಳಲ್ಲೂ ಕೆಲವು ಸಂಗತಿಗಳು ಜೆಡ್‌ಕಾಮ್‌ನಲ್ಲಿ ಸಾಗುವುದಿಲ್ಲ ಎಂದು ತಿಳಿದಿರಲಿ. ಫೋಟೊ ಹೋಗುವುದಿಲ್ಲ, ಫೋಟೊ ಎಲ್ಲಿದೆ ಎಂಬ ದಾರಿ ಮಾತ್ರ ಹೋಗುತ್ತದೆ. ಊರು, ಜಿಲ್ಲೆ, ರಾಜ್ಯ ಎಂದು ಶ್ರೇಣಿಯಾಗಿ ಜೋಡಿಸಿದ ಸ್ಥಳಗಳು ಅಲ್ಪವಿರಾಮಗಳ ಒಂದೇ ಸಾಲಾಗುತ್ತವೆ. ಬಣ್ಣದ ಗುರುತು, ಚಿತ್ರದ ವಿನ್ಯಾಸ ಇವೂ ಅಲ್ಲೇ ಉಳಿಯುತ್ತವೆ.

ಯಾವುದನ್ನು ಆರಿಸುವುದು

ಮೂವತ್ತು ನಲವತ್ತು ಜನರಷ್ಟೇ ಇದ್ದರೆ ಸ್ಪ್ರೆಡ್‌ಶೀಟ್ ಸಾಕು. ಕ್ರಮಸಂಖ್ಯೆ, ಹೆಸರು, ಲಿಂಗ, ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ, ಹುಟ್ಟು, ಸಾವು, ಸ್ಥಳ, ಆಧಾರ ಎಂದು ಒಂಬತ್ತು ಕಂಬಸಾಲು ಮಾಡಿ. ನಿಯಮ ಒಂದೇ: ತಂದೆತಾಯಿಯ ಕಂಬಸಾಲಿನಲ್ಲಿ ಹೆಸರು ಬರೆಯಬಾರದು, ಸಂಖ್ಯೆಯನ್ನೇ ಬರೆಯಬೇಕು. ಒಂದೇ ಹೆಸರಿನ ಇಬ್ಬರು ಸಿಕ್ಕ ಕೂಡಲೇ ಇದರ ಬೆಲೆ ಗೊತ್ತಾಗುತ್ತದೆ. ಮುಂದೆ ಬೆಳೆದರೆ ಈ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯ ಫೈಲು) ಮಾಡಿ, ಕೆಳಗೆ ಹೇಳುವ ಗ್ರಾಂಪ್ಸ್ ಎಂಬ ತಂತ್ರಾಂಶಕ್ಕೆ ಸೇರಿಸಬಹುದು. ಸಂಖ್ಯೆಗಳನ್ನು ಚೌಕ ಆವರಣದೊಳಗೆ ಬರೆದು, ವ್ಯಕ್ತಿಗಳು, ಮದುವೆಗಳು, ಮಕ್ಕಳು ಎಂದು ಮೂರು ಭಾಗ ಮಾಡಬೇಕಾಗುತ್ತದೆ. ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯನ್ನೇ ಆರಿಸಿ. ಬರೀ ಸಿಎಸ್‌ವಿ ಎಂದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗುವ ಅಪಾಯವಿದೆ.

ಅದಕ್ಕಿಂತ ದೊಡ್ಡ ವಂಶಾವಳಿಗೆ ನನ್ನ ಮೊದಲ ಆಯ್ಕೆ ಗ್ರಾಂಪ್ಸ್. 2001ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಉಚಿತ ಆವೃತ್ತಿ ಒಂದು, ಪಾವತಿ ಆವೃತ್ತಿ ಇನ್ನೊಂದು ಎಂಬ ಭೇದವಿಲ್ಲ. ಇಂತಿಷ್ಟೇ ಜನ ಎಂಬ ಮಿತಿಯಿಲ್ಲ. ನಡೆಸಲು ಇಂಟರ್ನೆಟ್ ಬೇಡ. ಅದರ ಸ್ವಂತ ಬ್ಯಾಕಪ್ ಫೈಲನ್ನು ಬಿಚ್ಚಿದರೆ ಒಳಗಿರುವುದು ಓದಬಲ್ಲ ಪಠ್ಯ. ಗ್ರಾಂಪ್ಸ್ ನಾಳೆ ಇಲ್ಲವಾದರೂ ವಿವರ ಉಳಿಯುತ್ತದೆ ಎಂಬ ಧೈರ್ಯ ಅದರಿಂದ. ಕೊರತೆಯೂ ಇದೆ: ಮೊದಲ ನೋಟಕ್ಕೆ ಅದು ಸರಳವಲ್ಲ. ವ್ಯಕ್ತಿ, ಕುಟುಂಬ, ಘಟನೆ, ಸ್ಥಳ, ಆಧಾರ, ಉಲ್ಲೇಖ, ಭಂಡಾರ, ಮಾಧ್ಯಮ, ಟಿಪ್ಪಣಿ ಎಂದು ಎಡಗಡೆ ಸಾಲಾಗಿ ನಿಂತಿರುವುದನ್ನು ಕಂಡು ಹಿಂದೆಗೆಯುವವರಿದ್ದಾರೆ. ಮೊದಲ ತಿಂಗಳು ಸಂಬಂಧಗಳು, ವ್ಯಕ್ತಿಗಳು ಎಂಬ ಎರಡು ನೋಟಗಳಲ್ಲೇ ಕೆಲಸ ಮಾಡಿ, ಉಳಿದವು ಬೇಕಾದಾಗ ತಾವಾಗಿಯೇ ಅರ್ಥವಾಗುತ್ತವೆ.

ಆನ್ಸೆಸ್ಟ್ರಿಸ್ ಕೂಡ ಮುಕ್ತ ತಂತ್ರಾಂಶ, ಜಾವಾ ಮೇಲೆ ನಡೆಯುತ್ತದೆ. ಅದರ ಗುಣ ಎಂದರೆ ಜೆಡ್‌ಕಾಮ್ ಫೈಲನ್ನೇ ನೇರವಾಗಿ ತೆರೆದು ಅದರಲ್ಲೇ ಉಳಿಸುತ್ತದೆ. ಹೊರಗೆ ತೆಗೆಯುವುದು ಎಂಬ ಪ್ರತ್ಯೇಕ ಹೆಜ್ಜೆಯೇ ಇಲ್ಲ. ಈ ಲೇಖನದ ಮುಖ್ಯ ಚಿಂತೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಗ್ರಾಂಪ್ಸ್ ಒಗ್ಗದವರು ಇದನ್ನೇ ಪ್ರಯತ್ನಿಸಲಿ.

ರೂಟ್ಸ್‌ಮ್ಯಾಜಿಕ್ ಎಸೆನ್ಷಿಯಲ್ಸ್‌ನಂಥವು ಹಣದ ತಂತ್ರಾಂಶಗಳ ಉಚಿತ ರೂಪ. ಕಲಿಯಲು ಸುಲಭ, ಪರದೆ ಅಚ್ಚುಕಟ್ಟು. ಕೆಲವು ವರದಿ, ಸೌಲಭ್ಯಗಳಿಗೆ ಬೀಗ ಹಾಕಿರುತ್ತಾರೆ. ಅದು ಅವರ ವ್ಯಾಪಾರ, ಆಕ್ಷೇಪವಿಲ್ಲ. ಆದರೆ ಬೀಗ ಯಾವುದಕ್ಕೆ ಎಂದು ನೋಡಿಕೊಳ್ಳಿ: ಚೆಂದದ ಚಿತ್ರಕ್ಕಾದರೆ ನಡೆಯುತ್ತದೆ, ಪೂರ್ಣ ಜೆಡ್‌ಕಾಮ್ ಹೊರಗೆ ತೆಗೆಯುವುದಕ್ಕೆ ಬೀಗವಿದ್ದರೆ ಅಂಥ ತಂತ್ರಾಂಶವನ್ನು ಮುಟ್ಟಲೇಬೇಡಿ.

ಬೇರೆ ಬೇರೆ ಕಡೆ ಇರುವ ನಾಲ್ಕೈದು ಜನ ಸೇರಿ ತುಂಬಬೇಕೆಂದಿದ್ದರೆ ವೆಬ್‌ಟ್ರೀಸ್ ಸೂಕ್ತ. 2010ರಲ್ಲಿ ಪಿಎಚ್‌ಪಿಜೆಡ್‌ವ್ಯೂ ಎಂಬುದರಿಂದ ಕವಲೊಡೆದ ಮುಕ್ತ ತಂತ್ರಾಂಶ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಮಾನ್ಯ ಹೋಸ್ಟಿಂಗ್ ಜಾಗದಲ್ಲಿ, ಅಂದರೆ ಜಾಲತಾಣ ಇಡಲು ಬಾಡಿಗೆಗೆ ಸಿಗುವ ಜಾಗದಲ್ಲಿ, ನಿಲ್ಲಿಸಬಹುದು, ಫೋನಿನ ಬ್ರೌಸರಿನಲ್ಲೇ ತೆರೆಯುತ್ತದೆ. ನೋಡುವವರು, ತಿದ್ದುವವರು, ಒಪ್ಪಿಗೆ ಕೊಡುವವರು ಎಂದು ಅಧಿಕಾರ ಹಂಚಬಹುದು; ಒಬ್ಬರು ಮಾಡಿದ ತಿದ್ದುಪಡಿ ಇನ್ನೊಬ್ಬರು ಒಪ್ಪಿದ ಮೇಲೆಯೇ ಸೇರುವಂತೆ ಇಡಬಹುದು. ತಂತ್ರಾಂಶ ಉಚಿತವಾದರೂ ಹೋಸ್ಟಿಂಗಿಗೆ ಬಾಡಿಗೆ ಕಟ್ಟಬೇಕು, ಆವೃತ್ತಿ ಆಗಾಗ ಮೇಲೇರಿಸಬೇಕು. ಬಾಡಿಗೆ ಕಟ್ಟುವವರು ಒಂದು ವರ್ಷ ಮರೆತರೆ ಇಡೀ ತಾಣ ಹೋಗುತ್ತದೆ. ಅದಕ್ಕಾಗಿ ತಿಂಗಳಿಗೊಮ್ಮೆ ಜೆಡ್‌ಕಾಮ್ ಫೈಲನ್ನೂ ಚಿತ್ರಗಳನ್ನೂ ಇಳಿಸಿ ಇನ್ನೊಬ್ಬರ ಕಂಪ್ಯೂಟರಿನಲ್ಲೂ ಇಡಬೇಕು.

ಫ್ಯಾಮಿಲಿಸರ್ಚ್ ಮತ್ತು ವಿಕಿಟ್ರೀ ಎಂಬ ಜಾಲತಾಣಗಳು ಬೇರೆಯೇ ಜಾತಿ. ಅಲ್ಲಿ ಪ್ರತಿಯೊಬ್ಬರಿಗೆ ಒಂದು ವೃಕ್ಷವಲ್ಲ, ಇಡೀ ಜಗತ್ತಿಗೆ ಸೇರಿ ಒಂದೇ ವೃಕ್ಷ. ತೀರಿಕೊಂಡ ನಿಮ್ಮ ಮುತ್ತಜ್ಜನ ವಿವರವನ್ನು ದೂರದ ನೆಂಟರು ತಿದ್ದಬಹುದು, ತಪ್ಪಾಗಿಯೂ ತಿದ್ದಬಹುದು. ದಾಖಲೆ ಹುಡುಕಲು, ಗೊತ್ತಿರದ ನೆಂಟರನ್ನು ಕಾಣಲು ಇವು ಬಹಳ ಉಪಯುಕ್ತ. ಮೂಲಪ್ರತಿಯನ್ನು ಮಾತ್ರ ಅಲ್ಲಿಡಬೇಡಿ. ಇಡೀ ವೃಕ್ಷವನ್ನು ಜೆಡ್‌ಕಾಮ್ ಆಗಿ ಇಳಿಸಿಕೊಳ್ಳುವ ಗುಂಡಿ ಫ್ಯಾಮಿಲಿಸರ್ಚ್ ತಾಣದಲ್ಲಿ ಇಲ್ಲ.

ಗ್ರಾಂಪ್ಸ್‌ನಲ್ಲಿ ಎಡವುವ ಜಾಗಗಳು

ಫ್ಯಾಮಿಲಿ ಟ್ರೀಸ್ ಮೆನುವಿನಲ್ಲಿ ಹೊಸ ವೃಕ್ಷ ಮಾಡಿ, ಹೆಸರಿಟ್ಟು, ತೆರೆಯಿರಿ. ಒಬ್ಬರನ್ನೂ ಸೇರಿಸುವ ಮೊದಲು ಪ್ರಿಫರೆನ್ಸಸ್‌ಗೆ ಹೋಗಿ ಮಾಧ್ಯಮಗಳ ಮೂಲ ಫೋಲ್ಡರ್ ಯಾವುದು ಎಂದು ಹೇಳಿಬಿಡಿ. ಆಮೇಲೆ ಫೋಟೊಗಳನ್ನೆಲ್ಲ ಅದೇ ಫೋಲ್ಡರಿನೊಳಗೆ ಇಟ್ಟು, ಸೇರಿಸುವಾಗ ಸಾಪೇಕ್ಷ ದಾರಿ (ಆ ಮೂಲ ಫೋಲ್ಡರಿನಿಂದ ಶುರುವಾಗುವ ದಾರಿ) ಎಂಬ ಗುರುತು ಹಾಕಿ. ಇದನ್ನು ಬಿಟ್ಟರೆ ಕಂಪ್ಯೂಟರ್ ಬದಲಿಸಿದ ದಿನ ಎಲ್ಲ ಫೋಟೊಗಳ ಕೊಂಡಿ ಒಟ್ಟಿಗೆ ಕಡಿಯುತ್ತದೆ. ಫೋಟೊ ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಸ್ಕ್ಯಾನ್ ಮಾಡುವಾಗ ಕಾಗದಪತ್ರಕ್ಕೆ 300 ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಸಾಕು, ಸಣ್ಣ ಹಳೆಯ ಫೋಟೊಗೆ 600 ಇರಲಿ.

ಇಡೀ ವೃಕ್ಷವನ್ನು ಉಳಿಸುವ ಗುಂಡಿ ಹುಡುಕಬೇಡಿ. ಒಂದೊಂದು ಕಿಟಕಿಯಲ್ಲಿ ಓಕೆ ಒತ್ತಿದ ಕ್ಷಣವೇ ಅದು ಬರೆದಾಯಿತು.

ಹೆಚ್ಚಿನವರು ತಪ್ಪುವುದು ತಂದೆತಾಯಿಯನ್ನು ಸೇರಿಸುವಲ್ಲಿ. ತಂದೆಯ ಹೆಸರು ಮೊದಲು ಸಿಕ್ಕಿತು, ಸೇರಿಸಿದಿರಿ; ಅಷ್ಟರಲ್ಲೇ ಒಂದು ಕುಟುಂಬ ಹುಟ್ಟಿತು. ನಾಲ್ಕು ದಿನದ ಮೇಲೆ ತಾಯಿಯ ಹೆಸರು ಗೊತ್ತಾದಾಗ ‘ಹೊಸ ತಂದೆತಾಯಿ ಸೇರಿಸು’ ಎಂಬುದನ್ನು ಒತ್ತಿದರೆ ಮಗುವಿಗೆ ಎರಡು ಕುಟುಂಬವಾಗುತ್ತದೆ: ಒಂದರಲ್ಲಿ ತಂದೆ ಮಾತ್ರ, ಇನ್ನೊಂದರಲ್ಲಿ ತಾಯಿ ಮಾತ್ರ. ಈಗಾಗಲೇ ಇರುವ ಕುಟುಂಬವನ್ನೇ ತಿದ್ದಲು ತೆರೆದು ಅದರೊಳಗೆ ತಾಯಿಯನ್ನು ಸೇರಿಸಬೇಕು. ಅಣ್ಣತಮ್ಮ, ಅಕ್ಕತಂಗಿಯರನ್ನೂ ಅದೇ ಕುಟುಂಬದ ಮಕ್ಕಳ ಪಟ್ಟಿಗೆ ಸೇರಿಸಿ. ಮಗುವಿನ ಸಂಬಂಧ ಹುಟ್ಟಿನಿಂದಲೋ ದತ್ತಿನಿಂದಲೋ ಎಂಬುದನ್ನು ತಂದೆಗೆ ಬೇರೆ, ತಾಯಿಗೆ ಬೇರೆಯಾಗಿ ಆರಿಸಲು ಅಲ್ಲೇ ಅವಕಾಶವಿದೆ.

ಹೆಸರಿನ ವಿಷಯದಲ್ಲಿ ಜೆಡ್‌ಕಾಮ್ ಮನೆತನದ ಹೆಸರು ಇರುತ್ತದೆ ಎಂದುಕೊಂಡು ರೂಪುಗೊಂಡದ್ದು. ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ತುಂಬಲೇಬೇಕೆಂದು ತಂದೆಯ ಹೆಸರನ್ನೋ ಊರ ಹೆಸರನ್ನೋ ಅಲ್ಲಿ ತುರುಕಿದರೆ ಅದೇ ಮನೆತನದ ಹೆಸರೆಂದು ಪಟ್ಟಿಯೆಲ್ಲ ವಿಂಗಡವಾಗುತ್ತದೆ. ಆ ಭಾಗ ಹೆಸರಿನಲ್ಲಿ ಇರಲೇಬೇಕಾದರೆ ಗ್ರಾಂಪ್ಸ್‌ನಲ್ಲಿ ಅದರ ಮೂಲ ಯಾವುದು ಎಂದು ಹೇಳಬಹುದು: ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು, ಊರಿನಿಂದ, ಕಸುಬಿನಿಂದ ಹೀಗೆ. ಹೆಣ್ಣುಮಕ್ಕಳನ್ನು ಹುಟ್ಟಿದ ಮನೆಯ ಹೆಸರಿನಲ್ಲೇ ದಾಖಲಿಸಿ, ಮದುವೆಯ ನಂತರದ್ದನ್ನು ಪರ್ಯಾಯ ಹೆಸರಾಗಿ ಸೇರಿಸಿ. ಕರೆಯುವ ಹೆಸರು, ಇಂಗ್ಲಿಷ್ ಲಿಪಿಯ ರೂಪ ಇವೂ ಪರ್ಯಾಯ ಹೆಸರುಗಳೇ. ಮುಖ್ಯ ಹೆಸರಿನ ಲಿಪಿ ಕನ್ನಡವೋ ಇಂಗ್ಲಿಷೋ ಎಂದು ಮೊದಲ ದಿನವೇ ನಿರ್ಧರಿಸಿ ಕೊನೆವರೆಗೂ ಅದಕ್ಕೇ ಅಂಟಿಕೊಳ್ಳಿ. ಬೆರೆಸಿದರೆ ಅಕಾರಾದಿ ಪಟ್ಟಿ ಎರಡು ಹೋಳಾಗುತ್ತದೆ, ಒಬ್ಬರನ್ನೇ ಎರಡು ಸಲ ಸೇರಿಸುವುದು ಅಲ್ಲಿಂದಲೇ ಶುರು.

ದಿನಾಂಕ ಬರೆಯುವಾಗ 03/04/1950 ಎಂಬ ರೂಪ ಬೇಡ. ಏಪ್ರಿಲ್ 3 ಎಂದೂ ಮಾರ್ಚ್ 4 ಎಂದೂ ಓದಬಹುದು. ‘ಸುಮಾರು 1920’ ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ತಂತ್ರಾಂಶ ಅದನ್ನು ಬರಿಯ ಪಠ್ಯವೆಂದುಕೊಂಡು ವಯಸ್ಸಿನ ಲೆಕ್ಕದಿಂದ ಬಿಟ್ಟುಬಿಡುತ್ತದೆ. ದಿನಾಂಕದ ಪಕ್ಕದ ಗುಂಡಿ ಒತ್ತಿ, ಬರುವ ಕಿಟಕಿಯಲ್ಲಿ ಸುಮಾರು, ಮುಂಚೆ, ನಂತರ ಎಂಬವನ್ನು ಆರಿಸಿ. ಅಲ್ಲಿ ನಡುವೆ ಎಂಬುದಕ್ಕೂ ಇಂದ-ವರೆಗೆ ಎಂಬುದಕ್ಕೂ ಅಂತರವಿದೆ. 1918ರಿಂದ 1922ರ ನಡುವೆ ಯಾವಾಗಲೋ ಹುಟ್ಟಿದರು ಎನ್ನಲು ಮೊದಲನೆಯದು. 1940ರಿಂದ 1952ರವರೆಗೆ ಆ ಕೆಲಸದಲ್ಲಿದ್ದರು ಎನ್ನಲು ಎರಡನೆಯದು. ತೀರಿಕೊಂಡದ್ದು ಗೊತ್ತು, ದಿನ ಗೊತ್ತಿಲ್ಲ ಎಂದಾದರೆ ದಿನಾಂಕ ಖಾಲಿ ಬಿಟ್ಟು ಸಾವಿನ ಘಟನೆಯನ್ನು ಸೇರಿಸಲೇಬೇಕು. ಸೇರಿಸದಿದ್ದರೆ ಹುಟ್ಟಿ 110 ವರ್ಷ ಆಗುವವರೆಗೂ ಅವರು ಬದುಕಿರಬಹುದು ಎಂದೇ ಗ್ರಾಂಪ್ಸ್ ಲೆಕ್ಕ ಹಾಕುತ್ತದೆ.

ಆಧಾರವನ್ನು ಬರೆಯದ ವಂಶಾವಳಿ ಹತ್ತು ವರ್ಷದಲ್ಲಿ ಬರೆದವರಿಗೇ ಪ್ರಯೋಜನಕ್ಕೆ ಬರುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಹುಟ್ಟಿದ ವರ್ಷ 1921 ಎಂದು ಒಂದು ಕಡೆ, 1923 ಎಂದು ಇನ್ನೊಂದು ಕಡೆ ಸಿಕ್ಕಾಗ ಮೊದಲನೆಯದು ಎಲ್ಲಿಂದ ಬಂತೆಂದು ಗೊತ್ತಿಲ್ಲದಿದ್ದರೆ ಎರಡರಲ್ಲಿ ಒಂದನ್ನು ಆರಿಸಲು ದಾರಿಯೇ ಇರುವುದಿಲ್ಲ. ಹಿರಿಯರು ಬಾಯಿಮಾತಿನಲ್ಲಿ ಹೇಳಿದ್ದೂ ಆಧಾರವೇ: ಯಾರು ಹೇಳಿದರು, ಯಾವ ದಿನ ಹೇಳಿದರು, ತಾವೇ ಕಂಡದ್ದೋ ಕೇಳಿದ್ದೋ ಎಂಬಷ್ಟು ಬರೆದರೆ ಸಾಕು. ಎಷ್ಟು ನಂಬಬಹುದು ಎನ್ನಲು ಗ್ರಾಂಪ್ಸ್‌ನಲ್ಲಿ ಐದು ಹಂತಗಳಿವೆ. ಎರಡು ಆಧಾರ ಹೊಂದದಿದ್ದರೆ ಒಂದನ್ನು ಅಳಿಸಬೇಡಿ, ಎರಡನ್ನೂ ಎರಡು ಜನನ ಘಟನೆಗಳಾಗಿ ಇಟ್ಟು ಹೆಚ್ಚು ನಂಬಿಕೆಯದನ್ನು ಮುಖ್ಯ ಮಾಡಿ.

ಬ್ಯಾಕಪ್, ಹಂಚಿಕೆ

ಗ್ರಾಂಪ್ಸ್ ಕೆಲಸ ಮಾಡುವ ಫೋಲ್ಡರನ್ನು ಕ್ಲೌಡ್ ಸಿಂಕ್ ಫೋಲ್ಡರಿನೊಳಗೆ ಇಡಬೇಡಿ. ಬರೆಯುತ್ತಿರುವಾಗಲೇ ಸಿಂಕ್ ಅರ್ಧ ಫೈಲನ್ನು ಎತ್ತಿಕೊಂಡರೆ, ಅಥವಾ ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದರೆ ದತ್ತಸಂಚಯ ಕೆಡುತ್ತದೆ. ಕೆಲಸದ ಪ್ರತಿ ಕಂಪ್ಯೂಟರಿನಲ್ಲೇ ಇರಲಿ, ಬ್ಯಾಕಪ್ ಫೈಲು ಕ್ಲೌಡಿಗೆ ಹೋಗಲಿ. ಬ್ಯಾಕಪ್ ಮಾಡುವಾಗ ಮಾಧ್ಯಮವನ್ನೂ ಸೇರಿಸು ಎಂದರೆ ಫೋಟೊಗಳ ಸಮೇತ ಒಂದೇ ಪೊಟ್ಟಣ ಸಿಗುತ್ತದೆ. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮವಿದ್ದರೆ ಫೋಲ್ಡರಿನಲ್ಲಿ ತಾನಾಗಿ ಸಾಲಾಗಿ ನಿಲ್ಲುತ್ತದೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಮನೆಯ ಹೊರಗೆ. ಇದರ ಜೊತೆಗೆ ವರ್ಷಕ್ಕೆರಡು ಸಲ ಜೆಡ್‌ಕಾಮ್ ಕೂಡ ತೆಗೆದಿಡಿ. ಬ್ಯಾಕಪ್ ಇದೆ ಎಂದುಕೊಂಡು ಸುಮ್ಮನಿರಬೇಡಿ, ಒಮ್ಮೆ ಖಾಲಿ ವೃಕ್ಷಕ್ಕೆ ಮರಳಿ ಸೇರಿಸಿ ಜನರ ಲೆಕ್ಕ ಸರಿಯಿದೆಯೇ ನೋಡಿ.

ನೆಂಟರು ಅವರ ಜೆಡ್‌ಕಾಮ್ ಕಳಿಸಿದಾಗ ಅದನ್ನು ನೇರವಾಗಿ ನಿಮ್ಮ ವೃಕ್ಷದೊಳಗೆ ಸೇರಿಸಬಾರದು. ಇಬ್ಬರಲ್ಲೂ ಇರುವವರೆಲ್ಲ ಜೋಡಿಯಾಗುತ್ತಾರೆ. ನೂರು ಜನ ಸಮಾನವಾಗಿದ್ದರೆ ನೂರು ಸಲ ವಿಲೀನ ಮಾಡುತ್ತ ಕೂರಬೇಕು. ಪ್ರತ್ಯೇಕ ವೃಕ್ಷದಲ್ಲಿ ತೆರೆದು, ಹೊಸದಾಗಿ ಕಂಡದ್ದನ್ನಷ್ಟೇ ಕೈಯಿಂದ ತನ್ನಿ, ಆಧಾರದಲ್ಲಿ ಆ ನೆಂಟರ ಫೈಲು ಎಂದು ಬರೆಯಿರಿ. ನಿಧಾನ ಎನಿಸಿದರೂ ಇದೇ ಬೇಗ ಮುಗಿಯುವ ದಾರಿ.

ನೀವು ಕಳಿಸುವಾಗ ಬದುಕಿರುವವರ ವಿವರ ಹೋಗದಂತೆ ನೋಡಿಕೊಳ್ಳಿ. ಹುಟ್ಟಿದ ದಿನ, ತಾಯಿಯ ಹುಟ್ಟುಮನೆ ಹೆಸರು ಇಂಥವನ್ನೇ ಎಷ್ಟೋ ಕಡೆ ಗುರುತು ಖಚಿತಪಡಿಸುವ ಪ್ರಶ್ನೆಗಳಾಗಿ ಕೇಳುತ್ತಾರೆ. ಹೊರಗೆ ತೆಗೆಯುವ ಕಿಟಕಿಯಲ್ಲಿ ಖಾಸಗಿ ಎಂದು ಗುರುತಿಸಿದ್ದನ್ನು ಬಿಡು, ಬದುಕಿರುವವರನ್ನು ಬಿಡು ಎಂಬ ಆಯ್ಕೆಗಳಿವೆ. ಎರಡನ್ನೂ ಗುರುತು ಹಾಕಿ ತೆಗೆದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನಿಮ್ಮದೇ ಹೆಸರು ಹುಡುಕಿ, ಸಿಗಬಾರದು. ಟಿಪ್ಪಣಿಯೊಳಗೆ ಬರೆದ ಹೆಸರನ್ನು ಮಾತ್ರ ಯಾವ ಆಯ್ಕೆಯೂ ತೆಗೆಯುವುದಿಲ್ಲ. ತೀರಿಕೊಂಡವರ ಟಿಪ್ಪಣಿಯಲ್ಲಿ ಬದುಕಿರುವವರ ಫೋನ್ ಸಂಖ್ಯೆ, ವಿಳಾಸ ಬರೆದಿಟ್ಟಿದ್ದರೆ ಆ ಟಿಪ್ಪಣಿಗೇ ಖಾಸಗಿ ಗುರುತು ಹಾಕಿರಬೇಕು.

ಹೊಸ ಆವೃತ್ತಿ ಬಂದಾಗ ಒಂದು ಎಚ್ಚರ. ಹೊಸ ಗ್ರಾಂಪ್ಸ್ ಹಳೆಯ ವೃಕ್ಷವನ್ನು ಒಮ್ಮೆ ಹೊಸ ರೂಪಕ್ಕೆ ತಂದರೆ ಹಳೆಯ ಗ್ರಾಂಪ್ಸ್ ಅದನ್ನು ಮತ್ತೆ ತೆರೆಯಲಾರದು. ಆದ್ದರಿಂದ ಹಳೆಯ ಆವೃತ್ತಿಯಲ್ಲಿದ್ದಾಗಲೇ ಪೂರ್ಣ ಬ್ಯಾಕಪ್ ತೆಗೆದು, ಹೊಸದರಲ್ಲಿ ಖಾಲಿ ವೃಕ್ಷ ಮಾಡಿ ಅದಕ್ಕೆ ಬ್ಯಾಕಪ್ ಸೇರಿಸಿ. ವ್ಯಕ್ತಿ, ಕುಟುಂಬ, ಮಾಧ್ಯಮಗಳ ಸಂಖ್ಯೆ ತಾಳೆಯಾದ ಮೇಲೆ ಹಳೆಯ ಆವೃತ್ತಿಯನ್ನು ತೆಗೆದುಹಾಕಿದರಾಯಿತು.